ಫುಟ್‌ಬಾಲ್‌ನಲ್ಲಿ ದುಡ್ಡೇ ದೊಡ್ಡಪ್ಪನಾ? ಕ್ಲಬ್‌ಗಳ ಲೆಕ್ಕಪತ್ರ ತೆಗೆದು ನೀವೇ ತೂಗಿ ನೋಡಿ

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ ನೋಡುವ ನಾಲ್ಕು ಜನ ಸೇರಿದರೆ ಈ ಜಗಳ ಬಂದೇ ಬರುತ್ತದೆ. "ಮ್ಯಾಂಚೆಸ್ಟರ್ ಸಿಟಿ ಕಪ್ ಗೆದ್ದಿದ್ದಲ್ಲ, ಕೊಂಡುಕೊಂಡಿದ್ದು" ಅನ್ನುತ್ತಾರೆ ಒಬ್ಬರು. "ಹಾಗಾದ್ರೆ 2016ರಲ್ಲಿ ಅಷ್ಟು ದುಡ್ಡಿಲ್ಲದ ಲೆಸ್ಟರ್ ಹೇಗೆ ಗೆದ್ದಿತು?" ಅಂತ ಇನ್ನೊಬ್ಬರು ತಿರುಗಿ ಬೀಳುತ್ತಾರೆ. ದುಡ್ಡಿದ್ದೂ ಗೆಲ್ಲಲಾಗದ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಭಿಮಾನಿ ಇದ್ದರೆ ಪಾಪ, ಎರಡೂ ಕಡೆ ಮಾತಾಡಲಾಗದೆ ಸುಮ್ನೆ ಕೂತಿರುತ್ತಾರೆ.

ಈ ಜಗಳವನ್ನು ಬಾಯಿಮಾತಿನಲ್ಲಿ ಬಗೆಹರಿಸಲು ಆಗುವುದಿಲ್ಲ. ಆದರೆ ಒಂದು ಎಕ್ಸೆಲ್ ಶೀಟ್, ಒಂದೆರಡು ವಾರಾಂತ್ಯ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಮನೆಯಲ್ಲೇ ಕೂತು ಉತ್ತರ ಹುಡುಕಬಹುದು. ಬೇಕಾದ ದಾಖಲೆಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ದುಡ್ಡು ಒಂದು ಕ್ಲಬ್ಬನ್ನು ಅಂಕಪಟ್ಟಿಯ ಯಾವ ಭಾಗದಲ್ಲಿ ಕೂರಿಸಬೇಕೋ ಅಲ್ಲಿಗೆ ತಂದು ಬಿಡುತ್ತದೆ. ಆಮೇಲೆ ಎರಡು ಸ್ಥಾನ ಮೇಲೋ ಐದು ಸ್ಥಾನ ಕೆಳಗೋ ಅನ್ನುವುದು ಕ್ಲಬ್ ನಡೆಸುವವರ ತಲೆಗೆ ಮತ್ತು ಅದೃಷ್ಟಕ್ಕೆ ಬಿಟ್ಟಿದ್ದು. ಒಂದೇ ಸೀಸನ್ ನೋಡಿದರೆ ಇದು ಕಾಣುವುದಿಲ್ಲ. ಹತ್ತು ಸೀಸನ್ ಒಟ್ಟಿಗೆ ಇಟ್ಟರೆ ಕಣ್ಣಿಗೆ ರಾಚುತ್ತದೆ. ನನ್ನ ಮಾತು ನಂಬಬೇಡಿ, ಲೆಕ್ಕ ಹಾಕಿ ನೋಡಿ.

ಹೆಜ್ಜೆ 1: ಯಾವ ದುಡ್ಡು, ಎಂಥ ಗೆಲುವು?

'ಶ್ರೀಮಂತ ಕ್ಲಬ್' ಅಂದಾಗ ಜನ ನಾಲ್ಕು ಬೇರೆ ಬೇರೆ ವಿಷಯಗಳನ್ನು ಒಂದೇ ಬುಟ್ಟಿಗೆ ಹಾಕುತ್ತಾರೆ: ಮಾಲೀಕರ ಆಸ್ತಿ, ಕ್ಲಬ್ಬಿನ ಆದಾಯ, ಆಟಗಾರರನ್ನು ಕೊಳ್ಳಲು ಕೊಟ್ಟ ಟ್ರಾನ್ಸ್‌ಫರ್ ಮೊತ್ತ, ಸಂಬಳದ ಖರ್ಚು. ಇವು ನಾಲ್ಕೂ ಒಂದೇ ಅಲ್ಲ. ಮಾಲೀಕರ ಜೇಬು ಎಷ್ಟೇ ದಪ್ಪ ಇರಲಿ, ಅವರು ಅದನ್ನು ಬಿಚ್ಚದಿದ್ದರೆ ಮೈದಾನದಲ್ಲಿ ಏನೂ ಆಗುವುದಿಲ್ಲ. ಟಾಟನ್‌ಹ್ಯಾಮ್ ಬಹಳ ವರ್ಷ ತನ್ನ ಆದಾಯಕ್ಕೆ ಹೋಲಿಸಿದರೆ ಕಡಿಮೆ ಸಂಬಳ ಕೊಡುವ ಕ್ಲಬ್ ಆಗಿತ್ತು.

ನಮ್ಮ ಲೆಕ್ಕಕ್ಕೆ ಸಂಬಳ ಇಟ್ಟುಕೊಳ್ಳಿ. ಯಾಕೆ ಅಂತ ಮೂರನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಗೆಲುವಿಗೆ ಲೀಗಿನಲ್ಲಿ ಬಂದ ಸ್ಥಾನವೇ ಅಳತೆ. 20 ತಂಡ, 38 ಪಂದ್ಯ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡು ಸಲ ಆಡುತ್ತಾರೆ. ಇದಕ್ಕಿಂತ ನ್ಯಾಯವಾದ ತಕ್ಕಡಿ ಫುಟ್‌ಬಾಲ್‌ನಲ್ಲಿ ಇಲ್ಲ.

ಹೆಜ್ಜೆ 2: ಸಂಬಳದ ಅಂಕಿ ತೆಗೆಯುವುದು

ಇಂಗ್ಲೆಂಡನ್ನೇ ಆರಿಸಿಕೊಳ್ಳಲು ಕಾರಣ ಇದು. ಅಲ್ಲಿ ಪ್ರತಿ ಕ್ಲಬ್ ಕೂಡ ಒಂದು ಕಂಪನಿ. ಕಂಪನಿಗಳ ಲೆಕ್ಕಪತ್ರಗಳೆಲ್ಲ 'ಕಂಪನೀಸ್ ಹೌಸ್' ಎಂಬ ಸರ್ಕಾರಿ ಕಚೇರಿಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ಲಾಗಿನ್ ಬೇಡ, ಶುಲ್ಕ ಇಲ್ಲ. ಬೆಂಗಳೂರಿನಲ್ಲಿ ಕೂತು ಲೆಸ್ಟರ್ ಸಿಟಿಯ ಖರ್ಚುವೆಚ್ಚ ಓದಬಹುದು.

ಕ್ಲಬ್ಬಿನ ಹೆಸರು ಹಾಕಿ ಹುಡುಕಿ. ಒಂದೇ ಹೆಸರಿನ ಸುತ್ತ ಮೂರು ನಾಲ್ಕು ಕಂಪನಿಗಳು ಬರಬಹುದು: ಕ್ಲಬ್, ಹೋಲ್ಡಿಂಗ್ ಕಂಪನಿ, ಸ್ಟೇಡಿಯಂ ಕಂಪನಿ, ಅಂಗಡಿ ನಡೆಸುವ ಕಂಪನಿ. 'ಗ್ರೂಪ್' ಲೆಕ್ಕ, ಅಂದರೆ ಎಲ್ಲವನ್ನೂ ಸೇರಿಸಿ ಬರೆದ ಲೆಕ್ಕ ಯಾವುದರಲ್ಲಿದೆಯೋ ಅದನ್ನು ತೆಗೆದುಕೊಳ್ಳಿ. ಫೈಲಿಂಗ್ ಇತಿಹಾಸದ ಪುಟಕ್ಕೆ ಹೋದರೆ ವರ್ಷವರ್ಷದ ಪಿಡಿಎಫ್ ಸಾಲಾಗಿ ಕಾಣುತ್ತವೆ. ಇವುಗಳಲ್ಲಿ ಬಹಳಷ್ಟು ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದವು. ಹುಡುಕುವ ಪೆಟ್ಟಿಗೆಯಲ್ಲಿ ಪದ ಹಾಕಿದರೆ ಏನೂ ಸಿಗದು, ಪುಟ ತಿರುವಲೇಬೇಕು.

ಮೊದಲ ಪುಟಗಳಲ್ಲಿ ನಿರ್ದೇಶಕರ ವರದಿ ಇರುತ್ತದೆ. ಸೋತ ವರ್ಷವನ್ನೂ ಚೆಂದವಾಗಿ ಬಣ್ಣಿಸುವ ಭಾಗ ಅದು, ದಾಟಿ ಹೋಗಿ. ಲಾಭನಷ್ಟ ಪಟ್ಟಿ, ಆಸ್ತಿ ಸಾಲದ ಪಟ್ಟಿ ಮುಗಿದ ಮೇಲೆ ನಂಬರ್ ಹಾಕಿದ ಟಿಪ್ಪಣಿಗಳು ಶುರುವಾಗುತ್ತವೆ. ಅವುಗಳ ನಡುವೆ ಸಿಬ್ಬಂದಿ ವೆಚ್ಚದ ಟಿಪ್ಪಣಿ ಇದೆ. ಅದರಲ್ಲಿ ಸಾಮಾನ್ಯವಾಗಿ ಮೂರು ಸಾಲು: ಸಂಬಳ, ಸಾಮಾಜಿಕ ಭದ್ರತೆಗೆ ಕಟ್ಟಿದ್ದು, ಪಿಂಚಣಿಗೆ ಕಟ್ಟಿದ್ದು. ಕೆಳಗೆ ಒಟ್ಟು ಮೊತ್ತ. ಆ ಒಟ್ಟು ಮೊತ್ತವೇ ನಿಮಗೆ ಬೇಕಾದ ಅಂಕಿ. ಪಕ್ಕದ ಕಾಲಮ್ಮಿನಲ್ಲಿ ಹಿಂದಿನ ವರ್ಷದ ಅಂಕಿಯೂ ಇರುತ್ತದೆ. ಹಾಗಾಗಿ ಐದು ಪಿಡಿಎಫ್ ತೆರೆದರೆ ಹತ್ತು ವರ್ಷದ ಲೆಕ್ಕ ಕೈಗೆ ಬರುತ್ತದೆ.

ಇಲ್ಲಿ ಎಚ್ಚರ ಬೇಕಾದ ಜಾಗಗಳು ಕೆಲವಿವೆ.

ಕ್ಲಬ್‌ಗಳ ಲೆಕ್ಕದ ವರ್ಷ ಬಹುತೇಕ ಮೇ 31 ಅಥವಾ ಜೂನ್ 30ಕ್ಕೆ ಮುಗಿಯುತ್ತದೆ. ಆದ್ದರಿಂದ 2023ರ ಲೆಕ್ಕಪತ್ರ ಅಂದರೆ 2022-23ರ ಸೀಸನ್. ಖಾಸಗಿ ಕಂಪನಿಗೆ ಲೆಕ್ಕ ಒಪ್ಪಿಸಲು ಒಂಬತ್ತು ತಿಂಗಳು ಗಡುವು. ಹಾಗಾಗಿ ಹಿಂದಿನ ಸೀಸನ್ನಿನ ಪೂರ್ತಿ ಚಿತ್ರ ಸಿಗುವುದು ಮಾರ್ಚ್ ಮುಗಿದ ಮೇಲೆ. ಮ್ಯಾಂಚೆಸ್ಟರ್ ಯುನೈಟೆಡ್ 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ, ಅವರ ವಾರ್ಷಿಕ ವರದಿ ಇನ್ನೂ ಬೇಗ ಬರುತ್ತದೆ.

ಆಮೇಲೆ, ಆ ಟಿಪ್ಪಣಿಯಲ್ಲಿ ಇರುವುದು ಆಟಗಾರರ ಸಂಬಳ ಮಾತ್ರ ಅಲ್ಲ. ಟಿಕೆಟ್ ಕೊಡುವವರಿಂದ ಹಿಡಿದು ಮಾರ್ಕೆಟಿಂಗ್‌ನವರ ತನಕ ಎಲ್ಲರದ್ದೂ ಇದೆ. ಆಟಗಾರರ ಪಾಲನ್ನು ಬಿಡಿಸಿ ತೋರಿಸುವ ಕ್ಲಬ್‌ಗಳು ಕಡಿಮೆ. ಆದರೂ ಎಲ್ಲ ಕ್ಲಬ್‌ಗಳಿಗೂ ಇದೇ ತೊಂದರೆ ಇರುವುದರಿಂದ, ಒಂದನ್ನೊಂದು ಹೋಲಿಸುವಾಗ ದೊಡ್ಡ ಏರುಪೇರು ಆಗುವುದಿಲ್ಲ.

ಬರೆದದ್ದೆಲ್ಲ ನಿಜವೇ? ಅದೂ ಪ್ರಶ್ನೆಯೇ. 2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್ ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಮ್ಯಾನೇಜರ್‌ಗೂ ಆಟಗಾರರಿಗೂ ಕೊಟ್ಟದ್ದನ್ನು ಪೂರ್ತಿ ತೋರಿಸಿಲ್ಲ ಎಂಬುದೂ ಅವುಗಳಲ್ಲಿ ಸೇರಿತ್ತು. ಕ್ಲಬ್ ಎಲ್ಲವನ್ನೂ ಅಲ್ಲಗಳೆದಿದೆ. ನಿಮ್ಮ ಶೀಟಿನಲ್ಲಿ ಪ್ರಕಟವಾದ ಅಂಕಿಯನ್ನೇ ಹಾಕಿ, ಪಕ್ಕದಲ್ಲಿ ಒಂದು ಗುರುತು ಇಟ್ಟುಕೊಳ್ಳಿ.

ಹೆಜ್ಜೆ 3: ಟ್ರಾನ್ಸ್‌ಫರ್ ಮೊತ್ತಕ್ಕೆ ಮರುಳಾಗಬೇಡಿ

ಪತ್ರಿಕೆಗಳ ತಲೆಬರಹ ಯಾವಾಗಲೂ ಟ್ರಾನ್ಸ್‌ಫರ್ ಮೊತ್ತದ್ದೇ. ಅದರಿಂದ ಏನೂ ತಿಳಿಯುವುದಿಲ್ಲ ಅಂತಲ್ಲ, ಆದರೆ ಜಾಸ್ತಿ ತಿಳಿಯುವುದಿಲ್ಲ. ಸ್ಟೀಫನ್ ಷಿಮಾನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞರು 1978ರಿಂದ 1997ರವರೆಗೆ ಇಂಗ್ಲೆಂಡಿನ 40 ಕ್ಲಬ್‌ಗಳ ಲೆಕ್ಕ ತೆಗೆದು ನೋಡಿದ್ದರು. ಲೀಗ್ ಸ್ಥಾನದಲ್ಲಿ ಕ್ಲಬ್ಬಿಗೂ ಕ್ಲಬ್ಬಿಗೂ ಇದ್ದ ವ್ಯತ್ಯಾಸದಲ್ಲಿ 92% ಭಾಗವನ್ನು ಸಂಬಳದಿಂದಲೇ ವಿವರಿಸಬಹುದಿತ್ತು. ಟ್ರಾನ್ಸ್‌ಫರ್ ಖರ್ಚಿನಿಂದ ವಿವರಿಸಲು ಆದದ್ದು 16% ಮಾತ್ರ.

ಕಾರಣ ಊಹಿಸುವುದು ಕಷ್ಟವಲ್ಲ. ಟ್ರಾನ್ಸ್‌ಫರ್ ಮೊತ್ತವೆಂಬುದು ಎರಡು ಕ್ಲಬ್‌ಗಳ ನಡುವಿನ ಚೌಕಾಶಿ. ಕೊಳ್ಳುವವರಿಗೆ ಎಷ್ಟು ಅವಸರ, ಒಪ್ಪಂದ ಎಷ್ಟು ವರ್ಷ ಬಾಕಿ, ಆಟಗಾರನ ವಯಸ್ಸೆಷ್ಟು ಎಂಬುದೆಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಸಂಬಳ ಹಾಗಲ್ಲ. ಆಟಗಾರನ ಏಜೆಂಟ್ ಹತ್ತು ಕ್ಲಬ್‌ಗಳ ಬಾಗಿಲು ತಟ್ಟಿ ಬಂದಿರುತ್ತಾನೆ. ಆ ಆಟಗಾರನ ಇವತ್ತಿನ ಬೆಲೆ ಏನು ಅಂತ ಇಡೀ ಮಾರುಕಟ್ಟೆ ಹೇಳುವ ಅಂಕಿ ಅದು.

ಜೊತೆಗೆ ಟ್ರಾನ್ಸ್‌ಫರ್ ಮೊತ್ತವನ್ನು ಲೆಕ್ಕಪತ್ರದಲ್ಲಿ ಬರೆಯುವ ರೀತಿಯೇ ಬೇರೆ. 2023ರ ಜನವರಿಯಲ್ಲಿ ಚೆಲ್ಸಿ ಕ್ಲಬ್ ಪೋರ್ಚುಗಲ್‌ನ ಬೆನ್‌ಫಿಕಾ ಕ್ಲಬ್ಬಿನಿಂದ ಎಂಜೊ ಫರ್ನಾಂಡೆಸ್‌ನನ್ನು 10.68 ಕೋಟಿ ಪೌಂಡ್ ಕೊಟ್ಟು ತಂದಿತು. ಒಪ್ಪಂದ ಎಂಟೂವರೆ ವರ್ಷದ್ದು. ಲೆಕ್ಕದಲ್ಲಿ ಈ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಸಮವಾಗಿ ಹಂಚುತ್ತಾರೆ. ಅಂದರೆ ವರ್ಷಕ್ಕೆ ಸುಮಾರು 1.26 ಕೋಟಿ ಪೌಂಡ್ ಮಾತ್ರ ಖರ್ಚು ಅಂತ ಕಾಣುತ್ತದೆ. ಐದು ವರ್ಷದ ಒಪ್ಪಂದವಾಗಿದ್ದರೆ ಅದೇ 2.14 ಕೋಟಿ ಆಗುತ್ತಿತ್ತು. ಆಟಗಾರ ಅವನೇ, ಕೊಟ್ಟ ದುಡ್ಡೂ ಅಷ್ಟೇ, ಆದರೆ ಲೆಕ್ಕದಲ್ಲಿ ವರ್ಷದ ಖರ್ಚು ಸುಮಾರು 40% ಇಳಿದು ಕಾಣುತ್ತದೆ. ಈ ಚಾಲಾಕಿತನ ನೋಡಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್, ಹಂಚಿಕೆಗೆ ಐದು ವರ್ಷದ ಮಿತಿ ಹಾಕಿದವು.

ಟ್ರಾನ್ಸ್‌ಫರ್ ಕಾಲಮ್ ಬೇಕೇ ಬೇಕು ಅನ್ನುವವರು ಹಾಕಿಕೊಳ್ಳಿ. ಮುಖ್ಯ ಕಾಲಮ್ ಸಂಬಳದ್ದೇ ಇರಲಿ.

ಹೆಜ್ಜೆ 4: ಒಂದು ಸೀಸನ್ ಇಟ್ಟುಕೊಂಡು ಕೈ ಪಳಗಿಸಿ

2022-23ರ ಸೀಸನ್ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಕಾಲಮ್ ಕ್ಲಬ್, ಎರಡನೆಯದು ಸಂಬಳ, ಮೂರನೆಯದು ಸಂಬಳದಲ್ಲಿ ಎಷ್ಟನೆಯ ಸ್ಥಾನ, ನಾಲ್ಕನೆಯದು ಲೀಗಿನಲ್ಲಿ ಎಷ್ಟನೆಯ ಸ್ಥಾನ, ಐದನೆಯದು ಎರಡರ ವ್ಯತ್ಯಾಸ.

ಆ ವರ್ಷ ಸಂಬಳದಲ್ಲಿ ಮೊದಲ ಏಳು ಕ್ಲಬ್‌ಗಳು ಹೀಗಿದ್ದವು. ಮ್ಯಾಂಚೆಸ್ಟರ್ ಸಿಟಿ ಸುಮಾರು 42.3 ಕೋಟಿ ಪೌಂಡ್, ಚೆಲ್ಸಿ 40.4 ಕೋಟಿ, ಲಿವರ್‌ಪೂಲ್ 37.3 ಕೋಟಿ, ಮ್ಯಾಂಚೆಸ್ಟರ್ ಯುನೈಟೆಡ್ 33.1 ಕೋಟಿ, ಟಾಟನ್‌ಹ್ಯಾಮ್ 25.1 ಕೋಟಿ, ಆರ್ಸೆನಲ್ 23.5 ಕೋಟಿ, ಲೆಸ್ಟರ್ 20.6 ಕೋಟಿ.

ಇದೇ ಕ್ರಮದಲ್ಲಿ ಲೀಗಿನ ಸ್ಥಾನ ಬರೆಯಿರಿ: 1, 12, 5, 3, 8, 2, 18.

ಈಗ ವ್ಯತ್ಯಾಸ: 0, 10, 2, 1, 3, 4, 11. ಪ್ರತಿಯೊಂದರ ವರ್ಗ ಮಾಡಿ: 0, 100, 4, 1, 9, 16, 121. ಕೂಡಿದರೆ 251.

ಒಂದು ನಿಮಿಷ ಇಲ್ಲೇ ನಿಂತು ನೋಡಿ. ಈ 251ರಲ್ಲಿ 221 ಬರೀ ಚೆಲ್ಸಿ ಮತ್ತು ಲೆಸ್ಟರ್‌ನದು. ಉಳಿದ ಐದು ಕ್ಲಬ್‌ಗಳದ್ದು ಸೇರಿ 30. ಅಂದರೆ ದುಡ್ಡಿದ್ದ ಏಳರಲ್ಲಿ ಐದು ಕ್ಲಬ್‌ಗಳು ಮೊದಲ ಎಂಟರೊಳಗೆ ಸರಿಯಾಗಿ ಬಂದು ಕೂತಿವೆ, ಎರಡು ಮಾತ್ರ ಪೂರ್ತಿ ದಾರಿ ತಪ್ಪಿವೆ. 'ದುಡ್ಡಿಗೆ ಬೆಲೆಯಿಲ್ಲ' ಅಂತ ವಾದಿಸುವವರು ಆ ವರ್ಷ ಹೆಸರಿಸುವುದು ಆ ಎರಡನ್ನೇ.

ಇಡೀ ಲೀಗಿನ ಲೆಕ್ಕಕ್ಕೆ 20 ಕ್ಲಬ್‌ಗಳದ್ದೂ ಇದೇ ರೀತಿ ಮಾಡಿ. ವರ್ಗಗಳ ಒಟ್ಟು ಮೊತ್ತವನ್ನು 6ರಿಂದ ಗುಣಿಸಿ, 7980ರಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಿರಿ. (7980 ಎಂಬುದು 20 ಗುಣಿಸು 399. ತಂಡಗಳ ಸಂಖ್ಯೆ ಬೇರೆಯಾದರೆ ಆ ಸಂಖ್ಯೆಯನ್ನು, ಅದರ ವರ್ಗದಿಂದ ಒಂದು ಕಳೆದು ಗುಣಿಸಬೇಕು.) ಇದಕ್ಕೆ ಸ್ಪಿಯರ್‌ಮನ್ ಲೆಕ್ಕ ಅನ್ನುತ್ತಾರೆ. ಉತ್ತರ 1 ಬಂದರೆ ಸಂಬಳದ ಪಟ್ಟಿಯೂ ಅಂಕಪಟ್ಟಿಯೂ ಒಂದೇ. 0 ಬಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮೈನಸ್ ಬಂದರೆ ಮೊದಲು ನಿಮ್ಮ ಶೀಟನ್ನು ಪರೀಕ್ಷಿಸಿ, ಯಾವುದೋ ಕಾಲಮ್ ತಲೆಕೆಳಗಾಗಿರುತ್ತದೆ. ಕೈಲೆಕ್ಕ ಬೇಜಾರಾದರೆ ಎಕ್ಸೆಲ್‌ನಲ್ಲಿ ಎರಡು ಸ್ಥಾನಗಳ ಕಾಲಮ್ಮಿಗೂ ಕೋರೆಲ್ (CORREL) ಫಾರ್ಮುಲಾ ಹಾಕಿ, ಅದೇ ಉತ್ತರ ಬರುತ್ತದೆ. ಆದರೆ ಒಂದು ಸಲವಾದರೂ ಕೈಯಲ್ಲಿ ಮಾಡಿ. ಯಾವ ಕ್ಲಬ್ ಉತ್ತರವನ್ನು ಎಷ್ಟು ಎಳೆಯುತ್ತಿದೆ ಎಂಬುದು ಆಗಲೇ ಕಾಣುವುದು. ಚೆಲ್ಸಿ ಮತ್ತು ಲೆಸ್ಟರ್ ಎರಡೇ ಸೇರಿ 1ರಿಂದ ಸುಮಾರು 0.17 ಕಿತ್ತುಕೊಂಡಿವೆ.

ಅದೇ ವರ್ಷ ಎದುರು ದಿಕ್ಕಿನಲ್ಲಿ ಬ್ರೈಟನ್ ಸುಮಾರು 12.8 ಕೋಟಿ ಪೌಂಡ್ ಸಂಬಳದಲ್ಲಿ 6ನೇ ಸ್ಥಾನಕ್ಕೆ ಬಂತು. ಬ್ರೆಂಟ್‌ಫರ್ಡ್ 10 ಕೋಟಿಯ ಆಸುಪಾಸಿನಲ್ಲಿ 9ನೇ ಸ್ಥಾನ ಹಿಡಿಯಿತು. ಎರಡಕ್ಕೂ ಗುರುತು ಹಾಕಿಡಿ, ಆಮೇಲೆ ಬೇಕಾಗುತ್ತದೆ.

ಹೆಜ್ಜೆ 5: ಹತ್ತು ಸೀಸನ್‌ಗೆ ಹಿಗ್ಗಿಸಿ

ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಒಂದು ಪಂದ್ಯದಲ್ಲಿ ಎರಡೋ ಮೂರೋ. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬುದರ ಮೇಲೆ ಮೂರು ಪಾಯಿಂಟ್ ನಿಂತಿರುತ್ತದೆ. 38 ಪಂದ್ಯಗಳಲ್ಲಿ ಈ ಅದೃಷ್ಟ ಪೂರ್ತಿ ಸವೆಯುವುದಿಲ್ಲ. 380 ಪಂದ್ಯಗಳಲ್ಲಿ ಬಹುಮಟ್ಟಿಗೆ ಸವೆದು ಹೋಗುತ್ತದೆ.

ಹತ್ತು ಸೀಸನ್ ಸೇರಿಸುವ ಮುಂಚೆ ಎರಡು ರಿಪೇರಿ ಆಗಬೇಕು. ಒಂದು, ಸಂಬಳ ವರ್ಷವರ್ಷ ಏರುತ್ತದೆ. ಅದಕ್ಕೆ ಪ್ರತಿ ಕ್ಲಬ್ಬಿನ ಸಂಬಳವನ್ನು ಆ ವರ್ಷದ ಲೀಗಿನ ಸರಾಸರಿಯಿಂದ ಭಾಗಿಸಿ. 1 ಬಂದರೆ ಸರಾಸರಿ ಕ್ಲಬ್, 2 ಬಂದರೆ ಸರಾಸರಿಯ ಎರಡು ಪಟ್ಟು. ಎರಡು, ಕೆಳ ದರ್ಜೆಗೆ ಇಳಿದ ವರ್ಷ ಏನು ಬರೆಯುವುದು? ಚಾಂಪಿಯನ್‌ಶಿಪ್ ಲೀಗಿನ ಮೊದಲ ಸ್ಥಾನವನ್ನು 21 ಅಂತ, ಎರಡನೆಯದನ್ನು 22 ಅಂತ ಎಣಿಸುತ್ತಾ ಹೋಗಿ. ಇದನ್ನು ಬಿಟ್ಟರೆ ಇಳಿದು ಹೋದ ಕ್ಲಬ್‌ಗಳೆಲ್ಲ ಲೆಕ್ಕದಿಂದ ಜಾರಿಕೊಳ್ಳುತ್ತವೆ, ಉಳಿದುಕೊಂಡವರ ಕಥೆ ಮಾತ್ರ ಸಿಗುತ್ತದೆ.

ಈಗ 2014-15ರಿಂದ 2023-24ರವರೆಗೆ ಮೂರು ಕ್ಲಬ್‌ಗಳನ್ನು ನೋಡೋಣ.

ಮ್ಯಾಂಚೆಸ್ಟರ್ ಸಿಟಿ: 2, 4, 3, 1, 1, 2, 1, 1, 1, 1. ಸರಾಸರಿ 1.7.

ಚೆಲ್ಸಿ: 1, 10, 1, 5, 3, 4, 4, 3, 12, 6. ಸರಾಸರಿ 4.9.

ಲೆಸ್ಟರ್: 14, 1, 12, 9, 9, 5, 5, 8, 18, 21. ಸರಾಸರಿ 10.2.

ಒಂದು ಸಲ 10, ಇನ್ನೊಂದು ಸಲ 12ಕ್ಕೆ ಬಿದ್ದ ಚೆಲ್ಸಿ ಕೂಡ ಹತ್ತು ವರ್ಷದ ಲೆಕ್ಕದಲ್ಲಿ ಐದರೊಳಗೇ ಇದೆ. ಕಪ್ ಗೆದ್ದ ಲೆಸ್ಟರ್, ಲೀಗಿನ ನಡುಮಧ್ಯೆ ಬಂದು ನಿಂತಿದೆ. ಹತ್ತು ವರ್ಷದ ಸಂಬಳದ ಪಟ್ಟಿ ಮಾಡಿದರೆ ಈ ಮೂರೂ ಹೆಚ್ಚುಕಮ್ಮಿ ಅಲ್ಲಲ್ಲೇ ಕೂರುತ್ತವೆ. 20 ಕ್ಲಬ್‌ಗಳಿಗೂ ಇದನ್ನು ಮಾಡಿ, ಸರಾಸರಿಗಳಿಗೆ ಮತ್ತೆ 1, 2, 3 ಅಂತ ಸ್ಥಾನ ಕೊಟ್ಟು ನಾಲ್ಕನೇ ಹೆಜ್ಜೆಯ ಲೆಕ್ಕವನ್ನು ಹಾಕಿ. ಒಂದು ಸೀಸನ್ನಿನ ಉತ್ತರಕ್ಕಿಂತ ಇದು 1ಕ್ಕೆ ಎಷ್ಟು ಹತ್ತಿರ ಹೋಗುತ್ತದೆ ಎಂಬುದೇ ನಿಮ್ಮ ಜಗಳಕ್ಕೆ ಮುಖ್ಯ ಸಾಕ್ಷಿ.

ಹೆಜ್ಜೆ 6: ದುಡ್ಡಿನಿಂದ ಗೆಲುವಾ, ಗೆಲುವಿನಿಂದ ದುಡ್ಡಾ?

ಇಲ್ಲಿಗೆ ನಿಲ್ಲಿಸಿದರೆ ಒಬ್ಬ ಬುದ್ಧಿವಂತ ಗೆಳೆಯ ನಿಮ್ಮನ್ನು ಕೆಡವುತ್ತಾನೆ. "ಗೆದ್ದವರಿಗೆ ಬೋನಸ್ ಬರುತ್ತೆ, ಟಿವಿ ದುಡ್ಡು ಬರುತ್ತೆ, ಯುರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಜಾಗ ಸಿಗುತ್ತೆ. ಸಂಬಳ ಜಾಸ್ತಿ ಕಾಣೋದು ಅದಕ್ಕೇ ಅಲ್ವಾ?" ಎಂದು ಕೇಳುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಲೆಸ್ಟರ್ ಕಪ್ ಗೆದ್ದ ವರ್ಷದ ಸಂಬಳ ಸುಮಾರು 8 ಕೋಟಿ ಪೌಂಡ್. ಅದರ ಹಿಂದಿನ ವರ್ಷ 5.7 ಕೋಟಿ. ಏರಿದ್ದರಲ್ಲಿ ಒಂದು ಪಾಲು ಗೆದ್ದದ್ದಕ್ಕೇ ಕೊಟ್ಟ ಬೋನಸ್.

ಇದಕ್ಕೆ ಸುಲಭದ ಮದ್ದು: ಈ ಸೀಸನ್ನಿನ ಸ್ಥಾನವನ್ನು ಹಿಂದಿನ ಸೀಸನ್ನಿನ ಸಂಬಳದ ಜೊತೆ ಹೋಲಿಸಿ. ಮುಂದೆ ಬರುವ ಗೆಲುವಿನ ಬೋನಸ್ ಹಿಂದಿನ ವರ್ಷದ ಲೆಕ್ಕದೊಳಗೆ ನುಸುಳಲು ಸಾಧ್ಯವಿಲ್ಲ. ಸಂಬಂಧ ಸ್ವಲ್ಪ ಸಡಿಲವಾದರೂ ಉಳಿದುಕೊಂಡರೆ, ದುಡ್ಡಿಗೆ ತನ್ನದೇ ಬಲ ಇದೆ ಅಂತಾಯಿತು.

ಇನ್ನೂ ಗಟ್ಟಿ ಪರೀಕ್ಷೆ ಎಂದರೆ ಮಾಲೀಕರು ಬದಲಾದ ಕ್ಲಬ್‌ಗಳು. ಆಟದಲ್ಲಿ ಏನೂ ಗೆಲ್ಲದೆ, ಹೊರಗಿನಿಂದ ಒಮ್ಮೆಲೇ ದುಡ್ಡು ಸುರಿದರೆ ಏನಾಗುತ್ತದೆ?

ಚೆಲ್ಸಿಯನ್ನು ರೋಮನ್ ಅಬ್ರಮೊವಿಚ್ 2003ರಲ್ಲಿ ಕೊಂಡರು. ಅದಕ್ಕೂ ಮೊದಲು 4ನೇ ಸ್ಥಾನ, ಆಮೇಲೆ 2, 1, 1. ಮ್ಯಾಂಚೆಸ್ಟರ್ ಸಿಟಿ 2008ರ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಕೈಗೆ ಬಂತು. ಹಿಂದಿನ ಸೀಸನ್ನಿನಲ್ಲಿ 9. ಆಮೇಲೆ 10, 5, 3, 1. ನ್ಯೂಕ್ಯಾಸಲ್ ಅನ್ನು ಸೌದಿ ಅರೇಬಿಯಾದ ನಿಧಿ 2021ರ ಅಕ್ಟೋಬರ್‌ನಲ್ಲಿ ಕೊಂಡಾಗ ತಂಡ 19ನೇ ಸ್ಥಾನದಲ್ಲಿತ್ತು, ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆ ವರ್ಷ 11ಕ್ಕೆ ಏರಿತು, ಮರುವರ್ಷ 4ಕ್ಕೆ.

ಗಮನಿಸಿ, ಮೂರರಲ್ಲೂ ಏರಿಕೆ ಒಂದೇ ವೇಗದ್ದಲ್ಲ. ಸಿಟಿಗೆ ನಾಲ್ಕು ಸೀಸನ್ ಬೇಕಾಯಿತು. ಅಷ್ಟಾದ ಮೇಲೂ 2011-12ರ ಕೊನೆಯ ದಿನ ಯುನೈಟೆಡ್‌ಗೂ ಸಿಟಿಗೂ ತಲಾ 89 ಪಾಯಿಂಟ್. ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದಲ್ಲಿ ಸೆರ್ಜಿಯೊ ಅಗುಯೆರೊ ಹೊಡೆದ ಗೋಲಿನಿಂದ, ಗೋಲುಗಳ ವ್ಯತ್ಯಾಸದ ಮೇಲೆ ಕಪ್ ಬಂತು. ಎರಡನೇ ಸ್ಥಾನದವರೆಗೆ ದುಡ್ಡು ತಂದಿತ್ತು. ಕೊನೆಯ ಆ ಒಂದು ಮೆಟ್ಟಿಲು ಹತ್ತಿಸಿದ್ದು ಒಂದು ಒದೆತ. ನ್ಯೂಕ್ಯಾಸಲ್ ಲೆಕ್ಕದಲ್ಲಿ ಇನ್ನೊಂದು ತೊಡಕು: ಮಾಲೀಕರ ಬೆನ್ನಿಗೇ ಎಡ್ಡಿ ಹೌ ಕೋಚ್ ಆಗಿ ಬಂದರು. ಎಷ್ಟು ಪಾಲು ದುಡ್ಡಿನದು, ಎಷ್ಟು ಪಾಲು ಕೋಚ್‌ನದು ಅಂತ ಬಿಡಿಸಿ ಹೇಳುವುದು ಕಷ್ಟ.

ಹೆಜ್ಜೆ 7: ಲೆಕ್ಕಕ್ಕೆ ಸಿಗದವರನ್ನು ಹತ್ತಿರದಿಂದ ನೋಡಿ

ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದು. ವ್ಯತ್ಯಾಸದ ಕಾಲಮ್ಮಿನಲ್ಲಿ ದೊಡ್ಡ ಅಂಕಿ ಬಂದ ಕ್ಲಬ್‌ಗಳನ್ನು ಬೇರೆ ತೆಗೆದು, ಒಂದೊಂದರ ಕಥೆ ಓದಿ. ಅಂಕಿ ಮೌನವಾಗಿರುವ ಕಡೆ ಕಥೆ ಮಾತಾಡುತ್ತದೆ.

ಬ್ಲ್ಯಾಕ್‌ಬರ್ನ್ ರೋವರ್ಸ್‌ನಿಂದ ಶುರು ಮಾಡಿ. ಒಂದೇ ಕ್ಲಬ್ಬಿನಲ್ಲಿ ಎರಡು ಪಾಠ ಇವೆ. ಉಕ್ಕಿನ ವ್ಯಾಪಾರದಲ್ಲಿ ದುಡ್ಡು ಮಾಡಿದ್ದ ಜ್ಯಾಕ್ ವಾಕರ್ 1991ರಲ್ಲಿ ತಮ್ಮೂರಿನ ಈ ಕ್ಲಬ್ಬನ್ನು ಕೈಗೆ ತೆಗೆದುಕೊಂಡರು. ಆಗ ಅದು ಎರಡನೇ ದರ್ಜೆಯಲ್ಲಿತ್ತು. ಕೆನ್ನಿ ಡಾಲ್‌ಗ್ಲಿಷ್ ಮ್ಯಾನೇಜರ್ ಆದರು, ಅಲನ್ ಶಿಯರರ್ ಬಂದರು, ಮೇಲಿನ ದರ್ಜೆಯಲ್ಲಿ 4, 2, 1 ಅಂತ ಮೂರು ಸೀಸನ್ ಮೆಟ್ಟಿಲೇರಿ 1994-95ರಲ್ಲಿ ಕಪ್ ಎತ್ತಿತು. ದುಡ್ಡಿನ ಜೊತೆ ಆಟ ಬಲ್ಲವರ ಕೈಗೆ ಕೀಲಿ ಕೊಟ್ಟಿದ್ದರು. 2010ರ ನವೆಂಬರ್‌ನಲ್ಲಿ ಅದೇ ಕ್ಲಬ್ಬನ್ನು ಕೊಂಡದ್ದು ನಮ್ಮ ಪುಣೆಯ ಕೋಳಿ ಉದ್ಯಮದ ವೆಂಕೀಸ್. ಒಂದೇ ತಿಂಗಳಲ್ಲಿ ಅನುಭವಿ ಮ್ಯಾನೇಜರ್ ಸ್ಯಾಮ್ ಅಲಾರ್ಡೈಸ್ ಅವರನ್ನು ಮನೆಗೆ ಕಳಿಸಿದರು. 2012ರಲ್ಲಿ ಕ್ಲಬ್ ಕೆಳಗಿಳಿಯಿತು. 2017ರಲ್ಲಿ ಇನ್ನೂ ಒಂದು ದರ್ಜೆ ಕೆಳಗೆ ಹೋಯಿತು.

ಆಮೇಲೆ ಕ್ವೀನ್ಸ್ ಪಾರ್ಕ್ ರೇಂಜರ್ಸ್. 2012-13ರಲ್ಲಿ ಸಂಬಳಕ್ಕೆ ಸುಮಾರು 7.8 ಕೋಟಿ ಪೌಂಡ್ ಸುರಿದು ಕಟ್ಟಕಡೆಯ ಸ್ಥಾನ, 25 ಪಾಯಿಂಟ್. ಸಂಬಳ ಕ್ಲಬ್ಬಿನ ಆದಾಯವನ್ನೇ ಮೀರಿತ್ತು. ಹೆಸರುವಾಸಿಯಾದ, ವಯಸ್ಸಾಗುತ್ತಿದ್ದ ಆಟಗಾರರಿಗೆ ದೊಡ್ಡ ಸಂಬಳ ಕೊಟ್ಟು ತಂದಿದ್ದರು. ಆಟಗಾರನ ಹಿಂದಿನ ಐದು ವರ್ಷಕ್ಕೆ ಇವತ್ತು ದುಡ್ಡು ಕೊಟ್ಟಂತಾಯಿತು.

ಎದುರು ದಿಕ್ಕಿನಲ್ಲಿ ಬ್ರೈಟನ್. ಮಾಲೀಕ ಟೋನಿ ಬ್ಲೂಮ್ ಬೆಟ್ಟಿಂಗ್ ಲೆಕ್ಕಾಚಾರದಿಂದ ಮೇಲೆ ಬಂದವರು. ಬ್ರೆಂಟ್‌ಫರ್ಡ್‌ನ ಮ್ಯಾಥ್ಯೂ ಬೆನ್‌ಹ್ಯಾಮ್ ಕೂಡ ಅದೇ ದಾರಿಯವರು. ಈಕ್ವೆಡಾರ್‌ನಿಂದ ಮೊಯ್ಸೆಸ್ ಕೈಸೆಡೊನನ್ನು ಬ್ರೈಟನ್ 2021ರಲ್ಲಿ ಸುಮಾರು 45 ಲಕ್ಷ ಪೌಂಡಿಗೆ ತಂದಿತು. 2023ರಲ್ಲಿ ಚೆಲ್ಸಿ ಅವನಿಗೆ 10 ಕೋಟಿ ಪೌಂಡ್ ಕೊಟ್ಟಿತು, ಮೇಲೆ ಷರತ್ತಿನ 1.5 ಕೋಟಿ ಬೇರೆ. ಬೇರೆಯವರು ನೋಡದ ಕಡೆ ನೋಡಿ, ಬೆಲೆ ಏರುವ ಮುಂಚೆ ಕೊಳ್ಳುವುದೇ ಇವರ ಕಸುಬು. ಆದರೆ ಗಮನಿಸಿ, ಕೊನೆಗೆ ಆ ಆಟಗಾರ ಸೇರಿದ್ದು ದುಡ್ಡಿದ್ದ ಕ್ಲಬ್ಬನ್ನೇ.

ಲೆಸ್ಟರ್ ವಿಷಯಕ್ಕೆ ಬನ್ನಿ. ಜೇಮಿ ವಾರ್ಡಿ, ರಿಯಾದ್ ಮಹ್ರೆಜ್, ಎನ್‌ಗೊಲೊ ಕಾಂಟೆ ಮೂವರನ್ನೂ ಸೇರಿಸಿ ಕೊಟ್ಟದ್ದು ಒಂದು ಕೋಟಿ ಪೌಂಡಿಗಿಂತ ಕಡಿಮೆ. ಅದು ಜಾಣತನ. ಅದೃಷ್ಟವೂ ಇತ್ತು. ಆ ವರ್ಷ ಚೆಲ್ಸಿ 10ನೇ ಸ್ಥಾನಕ್ಕೆ ಜಾರಿತು, ಲಿವರ್‌ಪೂಲ್ 8, ಯುನೈಟೆಡ್ 5, ಸಿಟಿ 4. ಲೆಸ್ಟರ್‌ಗೆ ಯುರೋಪಿನ ಪಂದ್ಯಗಳ ದಣಿವೂ ಇರಲಿಲ್ಲ. ಗೆದ್ದದ್ದು 81 ಪಾಯಿಂಟ್‌ನಲ್ಲಿ. ಮರುವರ್ಷ ಅಷ್ಟೇ ಪಾಯಿಂಟ್ ಗಳಿಸಿದ್ದರೆ ಮೂರನೇ ಸ್ಥಾನ ಸಿಗುತ್ತಿತ್ತು. 2018-19ರಲ್ಲಿ ಲಿವರ್‌ಪೂಲ್ 97 ಪಾಯಿಂಟ್ ಗಳಿಸಿಯೂ ಎರಡನೆಯದಾಯಿತು!

ಗೆದ್ದ ಮರುಬೇಸಿಗೆಯಲ್ಲೇ ಕಾಂಟೆ ಚೆಲ್ಸಿಗೆ ಹೋದ, 2016-17ರಲ್ಲಿ ಚೆಲ್ಸಿ ಕಪ್ ಗೆದ್ದಿತು. 2018ರಲ್ಲಿ ಮಹ್ರೆಜ್ ಸಿಟಿಗೆ ಹೋದ. ಮೇಲೆ ಉಳಿಯಬೇಕು ಅಂತ ಲೆಸ್ಟರ್ ಸಂಬಳ ಏರಿಸುತ್ತಾ ಹೋಯಿತು. ಕಪ್ ಗೆದ್ದಾಗ 8 ಕೋಟಿ ಪೌಂಡ್ ಇದ್ದದ್ದು, ಕೆಳ ದರ್ಜೆಗೆ ಇಳಿದ ವರ್ಷ 20.6 ಕೋಟಿ. ಆದಾಯ ಅದಕ್ಕಿಂತ ಕಡಿಮೆ, ಸುಮಾರು 17.7 ಕೋಟಿ. 'ದುಡ್ಡಿಲ್ಲದೆಯೂ ಗೆಲ್ಲಬಹುದು' ಅನ್ನುವುದಕ್ಕೂ 'ದುಡ್ಡಿದ್ದರೂ ಸೋಲಬಹುದು' ಅನ್ನುವುದಕ್ಕೂ ಒಂದೇ ಕ್ಲಬ್ಬಿನ ಹೆಸರು ಹೇಳಬಹುದು. ಎರಡೂ ಹತ್ತು ವರ್ಷದೊಳಗೇ ನಡೆದವು.

ನಾಕೌಟ್ ಕಪ್‌ಗಳಿಗೆ ಬೇರೆ ಶೀಟ್ ಮಾಡಿ

ನಾಕೌಟ್ ಪಂದ್ಯಗಳನ್ನು ಲೀಗಿನ ಜೊತೆ ಕಲಸಬೇಡಿ. 2024-25ರಲ್ಲಿ ಟಾಟನ್‌ಹ್ಯಾಮ್ ಲೀಗಿನಲ್ಲಿ 17ನೇ ಸ್ಥಾನ, ಯುನೈಟೆಡ್ 15ನೇ ಸ್ಥಾನ. ಅದೇ ಎರಡು ತಂಡಗಳು ಬಿಲ್ಬಾವೊದಲ್ಲಿ ಯುರೋಪಿನ ಎರಡನೇ ಹಂತದ ಕಪ್ ಆದ ಯೂರೋಪಾ ಲೀಗ್‌ನ ಫೈನಲ್ ಆಡಿದವು, ಟಾಟನ್‌ಹ್ಯಾಮ್ 1-0ಯಿಂದ ಗೆದ್ದಿತು. ಕತಾರಿನ ದುಡ್ಡು ಬಂದ ಪ್ಯಾರಿಸ್ ಸೇಂಟ್ ಜರ್ಮೇನ್, 2017ರಲ್ಲಿ ನೇಮಾರ್‌ಗೆ 22.2 ಕೋಟಿ ಯುರೋ ಕೊಟ್ಟರೂ, ಮೆಸ್ಸಿ ಮತ್ತು ಎಂಬಾಪೆಯನ್ನು ಒಟ್ಟಿಗೆ ಆಡಿಸಿದರೂ ಚಾಂಪಿಯನ್ಸ್ ಲೀಗ್ ಸಿಕ್ಕಲಿಲ್ಲ. ಮೂವರೂ ಹೋದ ಮೇಲೆ, 2025ರಲ್ಲಿ ಇಂಟರ್ ಮಿಲಾನ್ ವಿರುದ್ಧ 5-0ಯಿಂದ ಸಿಕ್ಕಿತು. ಹಾಗಂತ ಅದು ಬಡ ತಂಡವೇನೂ ಆಗಿರಲಿಲ್ಲ.

ಬೇರೆ ಲೀಗ್‌ಗಳಿಗೆ ಒಯ್ಯುವಾಗ

ಯುರೋಪಿನ ಉಳಿದ ಲೀಗ್‌ಗಳಲ್ಲಿ ಇಷ್ಟು ಸಲೀಸಾಗಿ ಲೆಕ್ಕಪತ್ರ ಸಿಗುವುದಿಲ್ಲ. ಅಲ್ಲಿ ಡೆಲಾಯ್ಟ್ ಸಂಸ್ಥೆ ಪ್ರತಿ ಜನವರಿ ಹೊರತರುವ ಆದಾಯದ ಪಟ್ಟಿಯನ್ನು ಬಳಸಬಹುದು, ಆದರೆ ಅದರಲ್ಲಿರುವುದು ದೊಡ್ಡ ಕ್ಲಬ್‌ಗಳು ಮಾತ್ರ.

ನಮ್ಮ ಇಂಡಿಯನ್ ಸೂಪರ್ ಲೀಗಿಗೆ ಈ ಶೀಟನ್ನು ಹಾಗೆಯೇ ಹಾಕಿದರೆ ಕೈಗೆ ಏನೂ ಹತ್ತುವುದಿಲ್ಲ. ಅಲ್ಲಿ ತಂಡದ ಸಂಬಳಕ್ಕೇ ಮಿತಿ ಇದೆ, ಒಂದು ಹಂತದಲ್ಲಿ ಅದು 16.5 ಕೋಟಿ ರೂಪಾಯಿ ಇತ್ತು. ಎಲ್ಲರೂ ಹೆಚ್ಚುಕಮ್ಮಿ ಒಂದೇ ಮೊತ್ತ ಖರ್ಚು ಮಾಡಿದರೆ ಸಂಬಳದ ಕಾಲಮ್ ಸಪಾಟಾಗಿಬಿಡುತ್ತದೆ. ಬೆಂಗಳೂರು ಎಫ್‌ಸಿಯನ್ನೇ ನೋಡಿ: 2022-23ರಲ್ಲಿ 4ನೇ ಸ್ಥಾನ, ಮರುವರ್ಷ 10, ಅದರ ಮರುವರ್ಷ 3. ಮಾಲೀಕರು ಅದೇ ಜಿಂದಾಲ್ ಸಮೂಹ, ಜೇಬೂ ಅದೇ. ಇಲ್ಲಿ ಪ್ಲೇಆಫ್ ಟ್ರೋಫಿ ಬಿಟ್ಟು ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಸಿಗುವ ಲೀಗ್ ಶೀಲ್ಡಿನ ಪಟ್ಟಿ ತೆಗೆದುಕೊಳ್ಳಿ. ಕಂಪನಿಗಳ ಲೆಕ್ಕಪತ್ರ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಸಿಗುತ್ತದೆ. ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಸೀಸನ್ನಿನ ಕೊನೆಯ ತುಂಡು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ, ಅದನ್ನು ನೆನಪಿಡಿ. ಸಂಬಳದ ಕಾಲಮ್ ಬದಲು ಒಟ್ಟು ಖರ್ಚಿನ ಕಾಲಮ್ ಹಾಕಿ. ಮಿತಿ ಇರುವುದು ಆಟಗಾರರ ಸಂಬಳಕ್ಕೆ ಮಾತ್ರ. ಬಳ್ಳಾರಿ ಕಡೆಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿ ನಡೆಸುವಂಥ ಅಕಾಡೆಮಿಗೆ ಎಷ್ಟು ಸುರಿದರೂ ಕೇಳುವವರಿಲ್ಲ. ಅಲ್ಲಿ ದುಡ್ಡಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಹುಡುಕಬೇಕಾದದ್ದು ಆ ಸಾಲಿನಲ್ಲಿ.